ಪಾಪು ಯಾವ ಭಾಷೇಲಿ ಯೋಚನೆ ಮಾಡುತ್ತೆ?

ನಮ್ಮ ಮೇಲಿನ ಮಹಡಿಯಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಅವಳಿಗೊಬ್ಬ ಏಳು ತಿಂಗಳ ತಮ್ಮ. ಬೆಳಗ್ಗೆ ಅವರಮ್ಮ ಸ್ನಾನಕ್ಕೆ ಹೋಗುವ ಹೊತ್ತಿಗೆ ಅವನನ್ನು ತಂದು ನನ್ನ ತೊಡೆಯ ಮೇಲೆ ಕೂರಿಸುವುದು ಅಕ್ಕನ ಕೆಲಸ. ಹೋದ ವಾರ ಹಾಗೆ ಕೂರಿಸಿ, ಶೂ ಲೇಸ್ ಕಟ್ಟಿಕೊಳ್ಳುತ್ತಾ ಕೇಳಿದಳು:

“ಅಜ್ಜಿ, ನಾನು ಕನ್ನಡದಲ್ಲಿ ಯೋಚನೆ ಮಾಡ್ತೀನಿ. ಲೆಕ್ಕ ಮಾತ್ರ ಇಂಗ್ಲಿಷಲ್ಲಿ. ಪಾಪುಗೆ ಯಾವ ಭಾಷೇನೂ ಬರಲ್ವಲ್ಲ, ಅವನು ಯಾವ ಭಾಷೇಲಿ ಯೋಚನೆ ಮಾಡ್ತಾನೆ?”

ಮೂವತ್ತಾರು ವರ್ಷ ಪಾಠ ಹೇಳಿದವಳು ನಾನು. ಉತ್ತರ ಹೊಳೆಯಲಿಲ್ಲ. “ವ್ಯಾನ್ ಬಂತು ನೋಡೇ” ಎಂದು ತಪ್ಪಿಸಿಕೊಂಡೆ. ವ್ಯಾನ್ ನಿಜಕ್ಕೂ ಬಂದಿತ್ತು ಅನ್ನಿ. ಅವಳು ಬ್ಯಾಗ್ ಎತ್ತಿ ಹೆಗಲಿಗೆ ಹಾಕಿಕೊಂಡಳು. ಅಷ್ಟಕ್ಕೇ ತೊಡೆಯ ಮೇಲಿದ್ದವನ ಕೆಳತುಟಿ ಮುಂದೆ ಬಂತು, ಅಳು ಶುರುವಾಯಿತು. ಅವಳು ಇನ್ನೂ ಹೊಸಿಲು ದಾಟಿರಲಿಲ್ಲ, ‘ಹೋಗ್ಬರ್ತೀನಿ’ ಎಂದೂ ಹೇಳಿರಲಿಲ್ಲ. ಬ್ಯಾಗ್ ಹೆಗಲಿಗೇರಿತೆಂದರೆ ಅಕ್ಕ ಹೋಗುತ್ತಾಳೆ ಎಂಬುದನ್ನು ಅವನು ಯಾವ ಮಾತಿನ ನೆರವೂ ಇಲ್ಲದೆ ಕಂಡುಕೊಂಡುಬಿಟ್ಟಿದ್ದ.

ಈ ವಾರ ಇದರ ಬಗ್ಗೆಯೇ ಬರೆಯೋಣ ಅನ್ನಿಸಿತು. ಮಕ್ಕಳೇ, ನಿಮಗೆ ಆಟದ ಹಾಗೆ ಕಾಣುವ ಕೆಲವು ಪ್ರಯೋಗಗಳು ಇದರಲ್ಲಿವೆ. ಅಜ್ಜ ಅಜ್ಜಿಯರಿಗೆ ಹೇಳಬೇಕಾದ ಮಾತೂ ಒಂದಿದೆ. ಅದು ನಮ್ಮ ತವರುಮನೆಯಲ್ಲಿ ನಡೆದದ್ದು, ಆಮೇಲೆ ಹೇಳುತ್ತೇನೆ.

ಮಾತು ಬಾರದವರನ್ನು ಪ್ರಶ್ನೆ ಕೇಳುವುದಾದರೂ ಹೇಗೆ? ಕಣ್ಣನ್ನು ನೋಡಿ. ಕೂಸಿಗೆ ಒಂದೇ ವಸ್ತುವನ್ನು ಮತ್ತೆ ಮತ್ತೆ ತೋರಿಸಿದರೆ ಬೇಜಾರಾಗಿ ಮುಖ ತಿರುಗಿಸುತ್ತದೆ. ಆಗ ಏನಾದರೂ ಹೊಸತು ನಡೆದರೆ ಮತ್ತೆ ತಿರುಗಿ ನೆಟ್ಟ ನೋಟದಿಂದ ನೋಡುತ್ತದೆ. ಎಷ್ಟು ಹೊತ್ತು ನೋಡಿತು ಎಂದು ಸೆಕೆಂಡುಗಳಲ್ಲಿ ಅಳೆದರೆ ಅದಕ್ಕೆ ಯಾವುದು ಹೊಸದಾಗಿ ಕಂಡಿತು, ಯಾವುದು ‘ಅದೇ ಹಳೇದು’ ಅನ್ನಿಸಿತು ಎಂಬುದು ತಿಳಿಯುತ್ತದೆ. ವಿಜ್ಞಾನಿಗಳ ಉಪಾಯ ಇಷ್ಟೇ.

ಅಮೆರಿಕದ ಷಿಕಾಗೋದಲ್ಲಿ ಅಮಾಂಡಾ ವುಡ್‌ವರ್ಡ್ ಎಂಬ ವಿಜ್ಞಾನಿ ಈ ಉಪಾಯದಿಂದ ಒಂದು ಚಂದದ ಪ್ರಶ್ನೆ ಕೇಳಿದರು. 1998ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೊಂಬೆಯಾಟದ ರಂಗದಂಥ ಪುಟ್ಟ ವೇದಿಕೆ. ಅದರ ಮೇಲೆ ಒಂದು ಕಡೆ ಚೆಂಡು, ಇನ್ನೊಂದು ಕಡೆ ಕರಡಿ ಬೊಂಬೆ. ಎದುರಿಗೆ ಅಮ್ಮನ ತೊಡೆಯ ಮೇಲೆ ಮಗು. ಪಕ್ಕದಿಂದ ಒಂದು ಕೈ ಬಂದು ಕರಡಿಯನ್ನು ಹಿಡಿಯುತ್ತದೆ. ಮತ್ತೆ ಬಂದು ಕರಡಿಯನ್ನೇ ಹಿಡಿಯುತ್ತದೆ. ಮಗುವಿಗೆ ಸಾಕುಸಾಕಾಗುವವರೆಗೆ ಇದೇ ಆಟ. ಆಮೇಲೆ ಪರದೆ ಮುಚ್ಚಿ, ಚೆಂಡು ಇದ್ದಲ್ಲಿ ಕರಡಿಯನ್ನೂ ಕರಡಿ ಇದ್ದಲ್ಲಿ ಚೆಂಡನ್ನೂ ಇಡುತ್ತಾರೆ. ಈಗ ಕೈ ಎರಡು ಬಗೆಯಲ್ಲಿ ಬರಬಹುದು. ದಿಕ್ಕು ಬದಲಿಸಿ ಕರಡಿಯನ್ನೇ ಹಿಡಿಯಬಹುದು. ಇಲ್ಲವೇ ಹಳೆಯ ದಿಕ್ಕಿನಲ್ಲೇ ಹೋಗಿ, ಅಲ್ಲಿರುವ ಚೆಂಡನ್ನು ಹಿಡಿಯಬಹುದು.

ಇದರಲ್ಲಿ ಹೊಸದು ಯಾವುದು, ಹೇಳಿ ನೋಡೋಣ.

ಕೈ ಅಂದರೆ ಬರೀ ಅಲ್ಲಾಡುವ ವಸ್ತು ಎಂದುಕೊಂಡವರಿಗೆ ದಿಕ್ಕು ಬದಲಾದದ್ದೇ ಹೊಸದು. ಆದರೆ ಆರು ತಿಂಗಳ, ಒಂಬತ್ತು ತಿಂಗಳ ಕೂಸುಗಳು ಹೆಚ್ಚು ಹೊತ್ತು ನೋಡಿದ್ದು ಕೈ ಚೆಂಡನ್ನು ಹಿಡಿದಾಗ. ‘ಇವರಿಗೆ ಕರಡಿ ಬೇಕಿತ್ತಲ್ಲ, ಈಗ ಚೆಂಡಿಗೆ ಯಾಕೆ ಕೈ ಹಾಕಿದರು’ ಎನ್ನುವ ಹಾಗೆ! ಅದೇ ಕೈಯ ಬದಲು ಒಂದು ಕೋಲು ಬಂದು ಬೊಂಬೆಯನ್ನು ಮುಟ್ಟಿದಾಗ ಅವು ಈ ವ್ಯತ್ಯಾಸ ಮಾಡಲಿಲ್ಲ. ಕೋಲಿಗೆ ಬೇಕು ಬೇಡ ಇರುವುದಿಲ್ಲ ಎಂಬಂತೆ ನಡೆದುಕೊಂಡವು.

ನಾನಿದನ್ನು ಮಹಡಿಯ ಹುಡುಗಿಗೆ ಸಂಜೆ ವಿವರಿಸಿದೆ. ಅವಳು ಕೇಳಿ ಸುಮ್ಮನಿರುವವಳಲ್ಲ. ನಮ್ಮ ಟೀಪಾಯಿಯ ಮೇಲೆ ಒಂದು ಗಿಲಕಿ, ಒಂದು ಸ್ಟೀಲ್ ಲೋಟ ಇಟ್ಟು ಪ್ರಯೋಗ ಶುರುಮಾಡಿಯೇಬಿಟ್ಟಳು. ಎಂಟು ಸಲ ಗಿಲಕಿ ಹಿಡಿದಳು. ಜಾಗ ಬದಲಿಸಿ ಲೋಟ ಹಿಡಿದಳು. ನಾನು ಗಡಿಯಾರ ಹಿಡಿದು ಕಾದೆ. ಪಾಪು ಅಷ್ಟೂ ಹೊತ್ತು ತಲೆಯೆತ್ತಿ ಸೀಲಿಂಗ್ ಫ್ಯಾನ್ ನೋಡಿದ. “ನಿಮ್ಮ ವಿಜ್ಞಾನಿ ಸುಳ್ಳು ಅಜ್ಜಿ” ಎಂದಳು. ಹಾಗಲ್ಲಮ್ಮ, ಅವರು ಬಹಳ ಮಕ್ಕಳನ್ನು ನೋಡುತ್ತಾರೆ, ಫ್ಯಾನು ಗೀನು ಕಾಣದ ಹಾಗೆ ಸುತ್ತ ಮರೆ ಮಾಡಿರುತ್ತಾರೆ, ಅತ್ತ ಮಗುವನ್ನೂ ಹಸಿದ ಮಗುವನ್ನೂ ಲೆಕ್ಕದಿಂದ ಬಿಡುತ್ತಾರೆ ಎಂದು ಸಮಾಧಾನ ಹೇಳಬೇಕಾಯಿತು.

ಇದಕ್ಕಿಂತ ನನಗೆ ಇಷ್ಟವಾದದ್ದು ಕೈಗವಸಿನ ಪ್ರಯೋಗ. ಮೂರು ತಿಂಗಳ ಕೂಸಿಗೆ ಬೇಕೆಂದದ್ದನ್ನು ಹಿಡಿಯಲು ಬರುವುದಿಲ್ಲ. ಕೈ ಬೀಸುತ್ತದೆ, ತಗಲುತ್ತದೆ, ಜಾರುತ್ತದೆ. ಏಮಿ ನೀಡಮ್ ಎಂಬುವರು ಪುಟಾಣಿ ಕೈಗವಸು ಹೊಲಿಸಿ ಅದಕ್ಕೆ ವೆಲ್ಕ್ರೋ ಹಾಕಿಸಿದರು. ನಿಮ್ಮ ಶೂಗಳಲ್ಲಿ ಚರ್ ಎಂದು ಬಿಚ್ಚುತ್ತದಲ್ಲ, ಅದೇ. ಆಟಿಕೆಗಳ ಅಂಚಿಗೂ ಅದನ್ನೇ ಹಚ್ಚಿದರು. ಈಗ ಕೂಸು ಕೈ ಬೀಸಿದರೆ ಆಟಿಕೆ ಅಂಟಿಕೊಂಡು ಬರುತ್ತದೆ! ತಾನೇ ಹಿಡಿದ ಹಾಗೆ! ಜೆಸಿಕಾ ಸಮರ್‌ವಿಲ್, ವುಡ್‌ವರ್ಡ್ ಮತ್ತು ನೀಡಮ್ ಸೇರಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಕೂಸುಗಳಿಗೆ ಮೊದಲು ಕೆಲವೇ ನಿಮಿಷ ಈ ಗವಸು ತೊಡಿಸಿ, ಆಮೇಲೆ ಆ ಕೈ-ಬೊಂಬೆ ಆಟ ತೋರಿಸಿದರು. ಉಳಿದವಕ್ಕೆ ಮೊದಲು ಆಟ ತೋರಿಸಿ ಆಮೇಲೆ ಗವಸು ತೊಡಿಸಿದರು. ಮೊದಲೇ ತಾವು ‘ಹಿಡಿದು’ ನೋಡಿದ್ದ ಕೂಸುಗಳು ಮಾತ್ರ ಆ ಇನ್ನೊಬ್ಬರ ಕೈ ಯಾವ ಬೊಂಬೆಗಾಗಿ ಚಾಚುತ್ತಿದೆ ಎಂಬುದನ್ನು ಗುರುತಿಸಿದವು. ತನ್ನ ಕೈ ಒಂದು ಕೆಲಸ ಮಾಡಿದ ಮೇಲೆ ಇನ್ನೊಬ್ಬರ ಕೈಯ ಕೆಲಸವೂ ತಿಳಿಯತೊಡಗುತ್ತದೆ. ಎಲ್ಲಕ್ಕೂ ಕೈ ಹಾಕುವ ಕೂಸನ್ನು ‘ಮುಟ್ಟಬೇಡ, ಮುಟ್ಟಬೇಡ’ ಎನ್ನುವ ನನ್ನ ಅಭ್ಯಾಸ ಇದನ್ನು ಓದಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ. ಬಿಸಿ ಕಾಫಿ ಲೋಟ ಬಿಟ್ಟು.

ಹತ್ತು ಹನ್ನೊಂದು ತಿಂಗಳಾಗುವ ಹೊತ್ತಿಗೆ ಒಂದು ಕೆಲಸ ಎಲ್ಲಿ ಮುಗಿಯಿತು ಎಂಬುದೂ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ನೆಲಕ್ಕೆ ಬಿದ್ದ ಟವೆಲ್ಲನ್ನು ಹೆಂಗಸೊಬ್ಬರು ಬಗ್ಗಿ ಎತ್ತಿ ಗೂಟಕ್ಕೆ ಹಾಕುವ ವಿಡಿಯೊವನ್ನು ಡೇರ್ ಬಾಲ್ಡ್‌ವಿನ್ ಮತ್ತು ಜೊತೆಗಾರರು ಮಕ್ಕಳಿಗೆ ತೋರಿಸಿದರು. ಕೆಲಸ ಮುಗಿದ ಮೇಲೆ ವಿಡಿಯೊ ಒಂದು ಕ್ಷಣ ನಿಂತರೆ ಮಕ್ಕಳು ಅಷ್ಟಾಗಿ ಗಮನಿಸಲಿಲ್ಲ. ಕೈ ಇನ್ನೂ ಟವೆಲ್ಲಿನತ್ತ ಹೋಗುತ್ತಿರುವಾಗ ನಡುವೆಯೇ ನಿಂತರೆ ಹೆಚ್ಚು ಹೊತ್ತು ದಿಟ್ಟಿಸಿದರು. ನೀವು ಮೊಬೈಲಿನಲ್ಲಿ ಪಂದ್ಯ ನೋಡುವಾಗ ಚೆಂಡು ಗಾಳಿಯಲ್ಲಿದ್ದ ಹಾಗೇ ಚಿತ್ರ ನಿಂತುಬಿಟ್ಟರೆ ಆಗುತ್ತದಲ್ಲ, ಹಾಗೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ.

ಒಂದೊಂದು ಭಾಷೆ ನಾವು ಮಾಡುವ ಕೆಲಸಗಳನ್ನು ಒಂದೊಂದು ರೀತಿ ವಿಂಗಡಿಸುತ್ತದೆ. ನಮ್ಮದನ್ನೇ ನೋಡಿ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವರಿಗೆ ಬಹುಪಾಲು ಎಲ್ಲಕ್ಕೂ ‘ವೇರ್’ ಒಂದಿದ್ದರೆ ಆಯಿತು. (ಈಗಿನ ಮಕ್ಕಳು ‘ಸೀರೆ ಹಾಕ್ಕೊಂಡೆ, ಹೂ ಹಾಕ್ಕೊಂಡೆ’ ಎನ್ನುವುದನ್ನು ಕೇಳಿದರೆ ನನ್ನಂಥ ಮೇಷ್ಟರಮ್ಮನ ಕೈ ಕೆಂಪು ಪೆನ್ನು ಹುಡುಕುತ್ತದೆ. ಅದು ಬೇರೆ ಮಾತು.) ಕೊರಿಯಾದ ಭಾಷೆಯಲ್ಲಿ ಇನ್ನೊಂದು ತರಹ. ಅಲ್ಲಿ ಒಂದು ವಸ್ತು ಇನ್ನೊಂದರಲ್ಲಿ ಬಿಗಿಯಾಗಿ ಕೂರುತ್ತದೋ, ಸಡಿಲವಾಗಿ ಇರುತ್ತದೋ ಎನ್ನುವುದು ಮುಖ್ಯ. ಬೆರಳಿಗೆ ಉಂಗುರ ಕೂರಿಸುವುದಕ್ಕೂ ಪೆನ್ನಿಗೆ ಕ್ಯಾಪ್ ಕೂರಿಸುವುದಕ್ಕೂ ಒಂದೇ ಕ್ರಿಯಾಪದ ನಡೆಯುತ್ತದೆ. ಅಗಲವಾದ ಡಬ್ಬಿಗೆ ಚೆಂಡು ಹಾಕುವುದಕ್ಕೆ ಆ ಪದ ನಡೆಯದು, ಬೇರೆ ಬೇಕು. ಇಂಗ್ಲಿಷ್ ಮಾತಾಡುವವರಿಗೆ ಬಿಗಿ ಸಡಿಲದ ಗೊಡವೆ ಅಷ್ಟಿಲ್ಲ.

ಸೂಸನ್ ಹೆಸ್ಪೋಸ್ ಮತ್ತು ಎಲಿಜಬೆತ್ ಸ್ಪೆಲ್ಕಿ ಇಂಗ್ಲಿಷ್ ಮಾತಾಡುವ ಮನೆಗಳ ಐದು ತಿಂಗಳ ಕೂಸುಗಳಿಗೆ ಇದನ್ನೇ ತೋರಿಸಿದರು. ಪಾತ್ರೆಯೊಳಗೆ ಬಿಗಿಯಾಗಿ ಕೂರುವ ವಸ್ತುವನ್ನು ಮತ್ತೆ ಮತ್ತೆ ತೋರಿಸಿ, ಬೇಜಾರಾದ ಮೇಲೆ ಸಡಿಲವಾಗಿ ಕೂರುವುದನ್ನು ತೋರಿಸಿದಾಗ ಕೂಸುಗಳು ಥಟ್ಟನೆ ಗಮನಿಸಿದವು. ಸಡಿಲವಾದದ್ದನ್ನು ಮೊದಲು ತೋರಿಸಿದರೂ ಹಾಗೆಯೇ. ಇಂಗ್ಲಿಷ್ ಮಾತಾಡುವ ದೊಡ್ಡವರನ್ನು ಕೇಳಿದರೆ ಅವರಿಗೆ ಆ ವ್ಯತ್ಯಾಸ ಲಕ್ಷ್ಯಕ್ಕೇ ಬರಲಿಲ್ಲ. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು.

ಹಾಗಾಗಿ ಹುಡುಗಿಗೆ ನಾನು ಹೇಳಿದ್ದಿಷ್ಟು: “ಪಾಪು ಯಾವ ಭಾಷೇಲೂ ಅಲ್ಲ ಕಣೆ, ನೋಡಿದ್ದರಲ್ಲೇ ಯೋಚನೆ ಮಾಡ್ತಾನೆ. ಯಾರು, ಏನು ಮಾಡ್ತಿದಾರೆ, ಯಾಕೆ ಕೈ ಚಾಚಿದಾರೆ, ಆಯ್ತಾ ಇಲ್ವಾ, ಇದೆಲ್ಲ ಅವನ ಹತ್ರ ಮೊದಲೇ ಇರುತ್ತೆ. ಕನ್ನಡ ಆಮೇಲೆ ಬಂದು ಅದಕ್ಕೆ ಹೆಸರು ಕೊಡುತ್ತೆ.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ನಾವು ಜಗಳ ಆಡಿದ್ದೂ ಗೊತ್ತಾಗುತ್ತಾ?” ಎಂದಳು. ಗೊತ್ತಾಗುತ್ತೆ ಎಂದೆ.

ಇನ್ನು ನಮ್ಮ ತವರುಮನೆಯ ಕಥೆ. ಅಜ್ಜ ಅಜ್ಜಿಯರು ಇದನ್ನು ದಯವಿಟ್ಟು ಓದಬೇಕು.

ನಮ್ಮೂರು ತೀರ್ಥಹಳ್ಳಿಯ ಕಡೆ. ಅಣ್ಣನ ಮಗ ಹುಟ್ಟಿದಾಗ ಮನೆಯಲ್ಲಿ ಹನ್ನೆರಡು ವರ್ಷದ ಮೇಲೆ ತೊಟ್ಟಿಲು ತೂಗಿತ್ತು. ಎಲ್ಲರೂ ಪುಟ್ಟ ಎನ್ನುತ್ತಿದ್ದೆವು. ಬಹಳ ಚುರುಕು ಮಗು. ನಮ್ಮಮ್ಮ ಹೆಡಿಗೆ ಎತ್ತಿಕೊಂಡರೆ ಸಾಕು, ಅವರಿಗಿಂತ ಮೊದಲೇ ಕೊಟ್ಟಿಗೆಯ ಬಾಗಿಲಲ್ಲಿ ಇರುತ್ತಿದ್ದ. ಅಣ್ಣ ಗೂಟದಿಂದ ಕೊಡೆ ತೆಗೆದರೆ ಚಪ್ಪಲಿ ತಂದು ಕಾಲಬುಡದಲ್ಲಿ ಇಡುತ್ತಿದ್ದ. ದೀಪ ಹಚ್ಚಿದರೆ ಕೈ ಮುಗಿಯುತ್ತಿದ್ದ. ಅಮ್ಮ “ಬಾಗಿಲು ಹಾಕು ಪುಟ್ಟ” ಎಂದು ಬಾಗಿಲ ಕಡೆ ಕೈ ತೋರಿಸಿದರೆ ಓಡಿ ಹೋಗಿ ಹಾಕುತ್ತಿದ್ದ. ಎರಡು ವರ್ಷ ಕಳೆದರೂ ಮಾತು ಮಾತ್ರ ಬಂದಿರಲಿಲ್ಲ. ಅತ್ತಿಗೆಗೆ ಒಳಗೊಳಗೇ ಆತಂಕ. ಬಾಯಿ ಬಿಟ್ಟು ಹೇಳಿದರೆ ಅಮ್ಮನ ಉತ್ತರ ಸಿದ್ಧವಿತ್ತು: “ಅವನಿಗೆ ಎಲ್ಲಾ ಅರ್ಥ ಆಗ್ತದೆ ಮಾರಾಯ್ತಿ. ಗಂಡುಮಕ್ಕಳಿಗೆ ಮಾತು ನಿಧಾನ. ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು.”

ನಾನು ಆಗ ಮೈಸೂರಿನಲ್ಲಿ ಶಾಲೆ ಟೀಚರು. ಬಿ.ಎಡ್. ಓದುವಾಗ ಮಕ್ಕಳ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಅತ್ತಿಗೆ ನನ್ನನ್ನು ಬೇರೆಯಾಗಿ ಕರೆದು ಕೇಳಿದರು. ನಾನೂ ಅಮ್ಮನ ಮಾತನ್ನೇ ಹೇಳಿದೆ. ‘ಎಲ್ಲಾ ಅರ್ಥ ಆಗುತ್ತಲ್ಲ ಅತ್ತಿಗೆ, ಕಾಯಿರಿ.’

1984ರ ಮಳೆಗಾಲ. ರಜೆ ಹಾಕಿ ಊರಿಗೆ ಹೋಗಿದ್ದೆ. ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಜಗುಲಿಯಲ್ಲಿ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ಪುಟ್ಟ ಕಿರುಚಿಕೊಂಡ. ಕತ್ತಲೆಗೆ ಯಾವ ಮಗುವೂ ಅಳುತ್ತದೆ. ನಾವೆಲ್ಲ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಇದ್ದೆವು. “ಇಲ್ಲೇ ಇದ್ದೇವೆ ಪುಟ್ಟ, ಇಲ್ಲೇ ಇದ್ದೇವೆ” ಎಂದು ಅಮ್ಮ, ಅತ್ತಿಗೆ, ನಾನು ಮೂವರೂ ಕೂಗಿದೆವು. ಕಿರುಚಾಟ ಒಂದಿಷ್ಟೂ ತಗ್ಗಲಿಲ್ಲ. ಅವನು ನಮ್ಮ ಕಡೆ ಬರುವ ಬದಲು ಕೈ ಚಾಚಿಕೊಂಡು ಬೇರೆ ಕಡೆಗೇ ಹೋಗಿ ಕಂಬಕ್ಕೆ ಬಡಿದುಕೊಂಡ. ಅಣ್ಣ ಬೆಂಕಿಕಡ್ಡಿ ಗೀರಿದ. ಆ ಒಂದು ಕಡ್ಡಿಯ ಬೆಳಕಿನಲ್ಲಿ ನಮ್ಮ ಮುಖ ಕಂಡದ್ದೇ ತಡ, ಅಳು ನಿಂತಿತು. ಕಡ್ಡಿ ಆರಿತು, ಮತ್ತೆ ಕಿರುಚಿದ. ಅತ್ತಿಗೆ ಅವನನ್ನು ಎತ್ತಿ ಎದೆಗೆ ಒತ್ತಿಕೊಂಡರು. ನಾವ್ಯಾರೂ ಮಾತಾಡಲಿಲ್ಲ.

ಬೆಳಗ್ಗೆ ಅವನು ಅಂಗಳದಲ್ಲಿ ಅಡಿಕೆ ಸಿಪ್ಪೆ ಗುಡ್ಡೆ ಹಾಕುತ್ತಾ ಕೂತಿದ್ದಾಗ ನಾನು ಹಿಂದಿನಿಂದ ಹೋಗಿ ನಿಂತು ಮೆಲ್ಲಗೆ, ಆಮೇಲೆ ಜೋರಾಗಿ ಹೆಸರು ಕರೆದೆ. ತಿರುಗಲಿಲ್ಲ. ಬಿಸಿಲು ಬಿದ್ದು ನನ್ನ ನೆರಳು ಸಿಪ್ಪೆಯ ಮೇಲೆ ಬಂದಾಗ ತಿರುಗಿ ನೋಡಿ ನಕ್ಕ.

ಕೊಡೆ, ಹೆಡಿಗೆ, ದೀಪ, ಕೈಸನ್ನೆ. ಅವನು ಅರ್ಥ ಮಾಡಿಕೊಂಡಿದ್ದು ನಮ್ಮ ಮಾತನ್ನಲ್ಲ, ನಾವು ಮಾಡುತ್ತಿದ್ದ ಕೆಲಸವನ್ನು. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಎಂದರೆ, ಅವನಿಗೆ ಕಿವಿ ಕೇಳುವುದಿಲ್ಲ ಎಂಬುದು ಒಂದು ಮನೆ ತುಂಬ ಇದ್ದ ನಮಗೆ ಯಾರಿಗೂ ತಿಳಿಯಲಿಲ್ಲ. ಹುಟ್ಟುತ್ತಲೇ ಕಿವಿ ಕೇಳದ ಮಗು ಮಂಕಾಗಿರುತ್ತದೆ ಎಂದು ನಾವು ತಿಳಿದಿದ್ದೆವು. ಇವನು ಮಂಕಾಗಿರಲಿಲ್ಲ, ಆದ್ದರಿಂದ ಕಿವಿಯ ಯೋಚನೆಯೇ ಬರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನನ್ನ ಮನೆಗೆ ಬಹಳ ದೂರವೇನಲ್ಲ. ಅದರ ಮುಂದೆಯೇ ಎಷ್ಟೋ ಸಲ ಓಡಾಡಿದವಳು ನಾನು. ಅಲ್ಲಿಗೆ ಪುಟ್ಟನನ್ನು ಕರೆದುಕೊಂಡು ಹೋದಾಗ ಅವನಿಗೆ ಮೂರು ತುಂಬಲು ಎರಡು ತಿಂಗಳಿತ್ತು. ಶ್ರವಣ ಯಂತ್ರ ಹಾಕಿಸಿ, ಅತ್ತಿಗೆ ಅವನ ಜೊತೆ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ತರಬೇತಿಗೆ ಓಡಾಡಿದರು. ಮಾತು ಬಂತು, ಕಷ್ಟಪಟ್ಟು, ತಡವಾಗಿ ಬಂತು. ಮೊದಲ ವರ್ಷದಲ್ಲೇ ಶುರುವಾಗಿದ್ದರೆ ಎಂಬ ಲೆಕ್ಕವನ್ನು ನಾನು ಇವತ್ತಿಗೂ ಹಾಕುತ್ತಿರುತ್ತೇನೆ.

ಆ ಮೂರು ವರ್ಷ ಅವನು ಸುಮ್ಮನೇನೂ ಇರಲಿಲ್ಲ. ತನ್ನದೇ ಸನ್ನೆಗಳನ್ನು ಕಟ್ಟಿಕೊಂಡಿದ್ದ. ಮೂಗಿಗೆ ಬೆರಳು ತಂದು ಎಳೆದರೆ ನಶ್ಯದ ಅಜ್ಜ, ಮುಷ್ಟಿ ಮೇಲೆ ಕೆಳಗೆ ಮಾಡಿದರೆ ಮಜ್ಜಿಗೆ ಕಡೆಯುವುದು. ಕಿವಿ ಕೇಳದ ಮಕ್ಕಳು ಹೀಗೆ ಮನೆಯಲ್ಲೇ ಸನ್ನೆಗಳನ್ನು ಹುಟ್ಟಿಸಿಕೊಂಡು, ಎರಡು ಮೂರು ಸನ್ನೆ ಜೋಡಿಸಿ ವಾಕ್ಯದಂತೆ ಬಳಸುವುದನ್ನು ಸೂಸನ್ ಗೋಲ್ಡಿನ್-ಮೆಡೋ ಎಂಬ ವಿಜ್ಞಾನಿ ಅಮೆರಿಕದಲ್ಲೂ ತೈವಾನಿನಲ್ಲೂ ಕಂಡು ಬರೆದಿದ್ದಾರೆ. ನಾವು ಅದನ್ನು ಮಗುವಿನ ತಮಾಷೆ ಎಂದುಕೊಂಡು ನಕ್ಕಿದ್ದೆವು.

ಈಗ ಹುಟ್ಟಿದ ಒಂದೆರಡು ದಿನಕ್ಕೇ ಕಿವಿ ಪರೀಕ್ಷೆ ಮಾಡಬಹುದು. ನಿದ್ದೆ ಮಾಡುತ್ತಿರುವ ಕೂಸಿನ ಕಿವಿಯಲ್ಲಿ ಒಂದು ಪುಟ್ಟ ಬಿರಡೆಯಂಥದ್ದನ್ನು ಇಟ್ಟು ಮೆಲ್ಲನೆಯ ಸದ್ದು ಬಿಡುತ್ತಾರೆ. ಆರೋಗ್ಯವಾಗಿರುವ ಒಳಗಿವಿ ಅದಕ್ಕೆ ಪ್ರತಿಯಾಗಿ ತಾನೇ ಒಂದು ಅತಿ ಸಣ್ಣ ಸದ್ದು ಹೊರಡಿಸುತ್ತದೆ. ಹೌದು ಮಕ್ಕಳೇ, ಕಿವಿಯೂ ಸದ್ದು ಮಾಡುತ್ತದೆ, ನಮಗೆ ಕೇಳದಷ್ಟು ಸಣ್ಣದಾಗಿ! ಯಂತ್ರ ಅದನ್ನು ಹಿಡಿಯುತ್ತದೆ. ನೋವಿಲ್ಲ, ಕೆಲವು ನಿಮಿಷದ ಕೆಲಸ. ಮೊದಲ ಸಲ ಸರಿ ಬರಲಿಲ್ಲವೆಂದರೆ ಎದೆ ಒಡೆದುಕೊಳ್ಳಬೇಕಿಲ್ಲ. ಕಿವಿಯಲ್ಲಿ ಹೆರಿಗೆಯ ದ್ರವ ಉಳಿದಿದ್ದರೂ ಹಾಗಾಗುತ್ತದೆ, ಇನ್ನೊಮ್ಮೆ ಮಾಡಿಸಬೇಕು. ಮಹಡಿಯ ಪಾಪುವಿಗೂ ಮೊದಲು ಎಡಗಿವಿ ಪಾಸಾಗಲಿಲ್ಲವಂತೆ, ಹದಿನೈದು ದಿನ ಬಿಟ್ಟು ಮಾಡಿದಾಗ ಎರಡೂ ಸರಿ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಎಂಬ ತೀರ್ಮಾನ, ಇದ್ದರೆ ಆರು ತಿಂಗಳೊಳಗೆ ಯಂತ್ರವೋ ಸನ್ನೆ ಭಾಷೆಯೋ ಶುರು, ಇದು ಈಗಿನ ವೈದ್ಯರು ಹೇಳುವ ಲೆಕ್ಕ. ಹುಟ್ಟಿದಾಗ ಸರಿ ಇದ್ದ ಕಿವಿಗೂ ಆಮೇಲೆ ತೊಂದರೆ ಬರಬಹುದು. ಆದ್ದರಿಂದ ಮಾತು ತಡವಾದರೆ ಮತ್ತೆ ಪರೀಕ್ಷೆ ಮಾಡಿಸಬೇಕು.

ನಾವು ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನು ನಂಬಬೇಡಿ. ಮುಖದ ಮುಂದೆ ಚಪ್ಪಾಳೆ ತಟ್ಟಿದರೆ ಕೂಸು ಕಣ್ಣು ಮಿಟುಕಿಸುವುದು ಕೈ ಕಂಡು. ತಟ್ಟೆ ಬೀಳಿಸಿದರೆ ಬೆಚ್ಚುವುದು ನೆಲ ಅದುರಿದ್ದಕ್ಕೂ ಇರಬಹುದು.

ಪುಟ್ಟನಿಗೆ ಈಗ ನಲವತ್ತು ದಾಟಿದೆ. ಮುದ್ರಣದ ಕೆಲಸದಲ್ಲಿದ್ದಾನೆ. ಹೋದ ಭಾನುವಾರ ಹೆಂಡತಿ ಜೊತೆ ಬಂದಿದ್ದ. ಇಬ್ಬರೂ ಸನ್ನೆಯಲ್ಲೇ ಮಾತಾಡಿಕೊಳ್ಳುತ್ತಾರೆ, ನನ್ನ ಜೊತೆ ಅವನು ಬಾಯಲ್ಲಿ. “ಅತ್ತೆ, ಈ ಮಗು ಯಾರದ್ದು?” ಎಂದು ಕೇಳಿ ಪಾಪುವನ್ನು ತನ್ನ ತೊಡೆಗೆ ಎಳೆದುಕೊಂಡ. ಮಹಡಿಯ ಹುಡುಗಿ ಗಿಲಕಿ, ಲೋಟ ಹಿಡಿದು ಹಾಜರಾದಳು. ಅವನಿಗೆ ನಾನು ಪ್ರಯೋಗವನ್ನು ವಿವರಿಸಿದೆ, ಅವನು ನನ್ನ ತುಟಿ ನೋಡುತ್ತಾ ಕೇಳಿಕೊಂಡ. ಅಷ್ಟರಲ್ಲಿ ಕಾಫಿ ಬಂತು. ಅವನು ಟೀಪಾಯಿ ಮೇಲಿದ್ದ ಕಾಫಿ ಲೋಟದ ಕಡೆ ಕೈ ಚಾಚಿದ. ಪಾಪುವಿನ ಕಣ್ಣು ಆ ಕೈಗಿಂತ ಮೊದಲೇ ಲೋಟದ ಮೇಲೆ ಹೋಗಿ ಕೂತಿತ್ತು. ಪುಟ್ಟ ಅದನ್ನು ನೋಡಿದ. ಬೇಕೆಂದೇ ಕೈಯನ್ನು ನಡುವೆ ನಿಲ್ಲಿಸಿದ. ಪಾಪು ಲೋಟದಿಂದ ಕಣ್ಣು ತೆಗೆದು ಅವನ ಮುಖ ನೋಡಿದ, ಮತ್ತೆ ಲೋಟ, ಮತ್ತೆ ಮುಖ. ಇಬ್ಬರೂ ನಗಲು ಶುರುಮಾಡಿದರು. ಹುಡುಗಿ ಗಡಿಯಾರ ನೋಡಲು ಮರೆತೇಬಿಟ್ಟಳು.